ಯಂತ್ರಕ್ಕೆ ಬಾಯಿ ಎಲ್ಲಿದೆ?

ಮಕ್ಕಳು ಬೆನ್ನ ಹಿಂದೆ ಆಕೆಯನ್ನು ಕರೆಯುತ್ತಿದ್ದುದು ಅಲಂಕಾರ ಟೀಚರ್ ಎಂದು. ಕಿವಿಗೆ ಓಲೆಯೂ ಇಲ್ಲದ ಆಕೆ ವರ್ಷಾನುಗಟ್ಟಲೆ ಉಪಮೆ, ರೂಪಕ, ಉತ್ಪ್ರೇಕ್ಷೆಗಳನ್ನೇ ಪಾಠ ಮಾಡಿಕೊಂಡು ಬಂದಿದ್ದಳು. ಮನೆಯಲ್ಲಿದ್ದವನು ತಮ್ಮ ಒಬ್ಬನೇ, ಅವಳೇ ಎತ್ತಿ ಆಡಿಸಿ ಬೆಳೆಸಿದವನು. ಅವನು ಪ್ರೆಸ್ಸೊಂದರಲ್ಲಿ ಕಾಗದ ಕತ್ತರಿಸುವ ಯಂತ್ರ ನಡೆಸುತ್ತಿದ್ದ.

ಅಂದು ತರಗತಿಯಲ್ಲಿ, ಜೀವವಿಲ್ಲದ ವಸ್ತುವಿಗೆ ಜೀವ ತುಂಬಿ ಹೇಳುವ ಮಾತುಗಳ ಪಾಠ. ಬೋರ್ಡಿನ ಮೇಲೆ 'ಗಾಳಿ ಪಿಸುಗುಟ್ಟಿತು' ಎಂದು ಬರೆಯುತ್ತಿದ್ದಾಗ ಜವಾನ ಬಂದು, ಆಸ್ಪತ್ರೆಯಿಂದ ಫೋನ್ ಬಂದಿದೆ ಎಂದ. ತಮ್ಮನ ಬಲಗೈಯ ಮೂರು ಬೆರಳು ಹೋಗಿದ್ದವು.

ಹಾಸಿಗೆಯ ಪಕ್ಕ ಪ್ರೆಸ್ಸಿನ ಮಾಲೀಕ ನಿಂತಿದ್ದ. "ಏನ್ಮಾಡೋದು ಟೀಚರ್, ಯಂತ್ರ ಬೆರಳು ನುಂಗಿಬಿಡ್ತು," ಎಂದ. ಮಂಪರಿನಲ್ಲಿದ್ದ ತಮ್ಮನೂ ಅದನ್ನೇ ಹೇಳಿದ.

ಹೊರಗೆ ಪ್ರೆಸ್ಸಿನ ಹಳೆಯ ಬೈಂಡರ್ ಅವಳನ್ನು ಪಕ್ಕಕ್ಕೆ ಕರೆದ. "ಬ್ಲೇಡಿನ ಮುಂದೆ ಕೈ ಹೋಗದ ಹಾಗೆ ಒಂದು ಗಾರ್ಡ್ ಇತ್ತಮ್ಮ. ಅದಿದ್ರೆ ಕೆಲಸ ಆಮೆ ಥರ ತೆವಳುತ್ತೆ ಅಂತ ಸಾಹೇಬ್ರು ಬಿಚ್ಚಿಸಿದ್ರು."

ಅವಳಿಗೆ ಮೈಯೆಲ್ಲ ಉರಿಯಿತು. ಮರುದಿನ ಬೆಳಿಗ್ಗೆ ನೇರ ಪ್ರೆಸ್ಸಿಗೆ ಹೋದಳು.

"ಬನ್ನಿ ಟೀಚರ್, ನಾವೆಲ್ಲ ಒಂದೇ ಮನೆಯವರು..." ಎಂದು ಮಾಲೀಕ ಶುರು ಮಾಡಿದ.

"ನಿಮ್ಮ ಯಂತ್ರಕ್ಕೆ ಬಾಯಿ ಎಲ್ಲಿದೆ, ತೋರಿಸಿ."

"ಅದು ಸುಮ್ಮನೆ ಮಾತಿಗೆ ಹೇಳಿದ್ದು."

"ಅಂಥ ಮಾತು ಕಲಿಸೋದೇ ನನ್ನ ಹೊಟ್ಟೆಪಾಡು. ಯಂತ್ರ ನುಂಗಿತು ಅಂದ್ರೆ ತಪ್ಪು ಯಂತ್ರದ್ದಾಗುತ್ತೆ, ನೀವು ಕೈ ತೊಳ್ಕೊಳ್ತೀರಿ. ಗಾರ್ಡ್ ಬಿಚ್ಚಿಸಿದ್ದು ಯಾರು?"

"ಎಲ್ಲಾ ವಿಧಿಯಾಟ."

"ವಿಧಿ ಕೈಲಿ ಸ್ಪ್ಯಾನರ್ ಇತ್ತಾ?"

ಕೆಲಸದವರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಬೈಂಡರ್ ಮುಂದೆ ಬಂದ. "ಬಿಚ್ಚಿದ್ದು ನಾನು. ಬಿಚ್ಚು ಅಂದಿದ್ದು ಇವರು."

ಮಾಲೀಕನ ಮುಖ ಕಪ್ಪಿಟ್ಟಿತು. ಅವಳು ಕಾರ್ಮಿಕ ಇಲಾಖೆಗೆ ದೂರು ಕೊಟ್ಟಳು, ಅಧಿಕಾರಿ ಬಂದು ನೋಡಿದ, ಗಾರ್ಡ್ ಮತ್ತೆ ಯಂತ್ರದ ಮೇಲೆ ಕೂತಿತು. ಅದರ ಬೆನ್ನಿಗೇ ಮಾಲೀಕ ಬೈಂಡರನಿಗೆ "ವಯಸ್ಸಾಯ್ತು, ಸ್ವಲ್ಪ ವಿಶ್ರಾಂತಿ ತಗೊಳ್ಳಿ" ಎಂದ.

"ಕೆಲಸದಿಂದ ತೆಗೀತಿದ್ದೀವಿ ಅಂತ ಬಾಯಿಬಿಟ್ಟು ಹೇಳೋಕೂ ಯೋಗ್ಯತೆ ಇಲ್ಲ ಇವರಿಗೆ," ಎಂದು ಹಲ್ಲು ಕಡಿದ ಟೀಚರ್, ಅವನನ್ನೂ ಕರೆದುಕೊಂಡು ಮತ್ತೆ ಇಲಾಖೆಯ ಮೆಟ್ಟಿಲು ಹತ್ತಿದಳು. ಅಲೆದಲೆದು ಕೊನೆಗೂ ಅವನಿಗೆ ಕೆಲಸ ವಾಪಸು ಕೊಡಿಸಿದಳು.

ತಮ್ಮ ಮಾತ್ರ ಮತ್ತೆ ಪ್ರೆಸ್ಸಿನ ಕಡೆ ತಲೆಹಾಕಲಿಲ್ಲ. ಒಂದು ದಿನ ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಲು ಒದ್ದಾಡುತ್ತಾ, "ಇನ್ನಾದ್ರೂ ಕೋಪ ಬಿಡಕ್ಕ," ಎಂದ.

"ಬಿಡಲ್ಲ," ಎಂದಳು ಅವಳು.