ಸುಮ್ಮನೆ ನಿಲ್ಲುವ ವಿದ್ಯೆ

ನಿನ್ನೆ ಡ್ರೈಯರಿನಿಂದ ಬಟ್ಟೆ ತೆಗೆಯುವಾಗ ನನ್ನ ಒಳ್ಳೆಯ ಶಾಲಿನ ಅಂಚಿಗೆ ವೆಲ್ಕ್ರೋ ಚೂರೊಂದು ಕಚ್ಚಿಕೊಂಡು ಬಂತು. ಬಿಡಿಸಹೋದರೆ ಎರಡೆಳೆ ನೂಲೂ ಕಿತ್ತು ಬಂದವು. ಬೈಯಲು ಬಾಯಿ ತೆರೆದವಳಿಗೆ ಶಾಹಿದಾ ಆಂಟಿ ನೆನಪಾಗಿ ನಗು ಬಂತು. ಅವರ ಸ್ವೆಟರಿನ ತೋಳಿನಲ್ಲಿ ಇಂಥ ಚೂರುಗಳು ಸದಾ ಇರುತ್ತಿದ್ದವು. ಚಿತ್ರದ ಕಾರ್ಡುಗಳ ಬೆನ್ನಿಗೆ ಅಂಟಿಸುವಂಥವು. ನಮ್ಮ ಶಾಲೆಯ ಮಾತು ಬಾರದ ಮಕ್ಕಳು ಆ ಕಾರ್ಡು ತೋರಿಸಿಯೇ ನೀರು ಬೇಕು, ಸಾಕು, ಹೊಟ್ಟೆನೋವು ಎಂದು ಹೇಳುತ್ತಿದ್ದರು.

ನಾನು ಆ ಶಾಲೆಗೆ ಸೇವಾಭಾವದಿಂದ ಹೋದೆ ಎಂದರೆ ನನ್ನನ್ನು ಬಲ್ಲವರು ನಂಬುವುದಿಲ್ಲ. ಇಲ್ಲಿ ಅಮೆರಿಕದ ಹರ್ನ್‌ಡನ್ನಿನ ನಮ್ಮ ಟೌನ್‌ಹೌಸಿನ ಬೇಸ್‌ಮೆಂಟಿನಲ್ಲಿ ಸೀರೆ ಮಾರುತ್ತಿದ್ದೆ. ಕೋವಿಡ್ ಬಂದು ಮದುವೆ, ಸೀಮಂತಗಳೆಲ್ಲ ಕಂಪ್ಯೂಟರಿನೊಳಗೆ ಸೇರಿಕೊಂಡ ಮೇಲೆ ಸೊಂಟದ ಕೆಳಗೆ ಏನು ಉಟ್ಟರೆ ಯಾರಿಗೇನು? ಶಾಲೆಗಳು ಮತ್ತೆ ತೆರೆದಾಗ ಸ್ಪೆಷಲ್ ಎಜುಕೇಶನ್ ತರಗತಿಗಳಿಗೆ ಸಹಾಯಕರು ಸಿಗುತ್ತಿರಲಿಲ್ಲ. ಅಪ್ರೆಂಟಿಸ್ ಆಗಿ ಸೇರಿದೆ: ಹಗಲು ಮಕ್ಕಳ ಜೊತೆ ಕೆಲಸ, ಸಂಜೆ ಆಗಾಗ ಪಾಠ, ನಡುನಡುವೆ ಪರೀಕ್ಷಕರು ಬಂದು ಕೆಲಸ ನೋಡಿ, ಕೊನೆಗೆ ಸರ್ಟಿಫಿಕೇಟ್. ನಿಮಗೂ ಒಂದು ಮಾತು ಹೇಳಿಬಿಡುತ್ತೇನೆ, ಕೇಳಿ. ಕೆಲಸ ಕಲಿಯುವುದಿದ್ದರೆ ಫೀಸು ತೆಗೆದುಕೊಂಡು ಕಲಿಸುವವರ ಹತ್ತಿರ ಹೋಗಬೇಡಿ, ಸಂಬಳ ಕೊಟ್ಟು ಕಲಿಸುವವರ ಹತ್ತಿರ ಹೋಗಿ. ನೀವು ಕಲಿಯದಿದ್ದರೆ ನಷ್ಟ ಅವರದು.

ನನಗೆ ಕೆಲಸ ಕಲಿಸಲು ನೇಮಕವಾದವರೇ ಶಾಹಿದಾ ಆಂಟಿ. ಮೈಸೂರಿನ ಮಂಡಿ ಮೊಹಲ್ಲಾದವರು; ಮಕ್ಕಳು ಕಾಲೇಜು ಸೇರಿದ ಮೇಲೆ ಈ ಕೆಲಸ ಹಿಡಿದವರು. ಮೊದಲ ದಿನವೇ ನನ್ನನ್ನು ಅಳೆದರು.

“ಮಾತು ಸ್ವಲ್ಪ ಜಾಸ್ತಿನೇನಮ್ಮಾ?”

“ವ್ಯಾಪಾರದವಳಲ್ವಾ ಆಂಟಿ.”

“ಹಾಗಿದ್ರೆ ಕೋಟ್ ಜೊತೆ ನಾಲಿಗೇನೂ ಆ ಹ್ಯಾಂಗರ್‌ಗೇ ನೇತಾಕ್ಬಿಟ್ಟು ಬಾ.”

ನನ್ನ ಪಾಲಿಗೆ ಬಂದವಳು ಲೂಸಿಯಾ, ಎಂಟು ವರ್ಷದವಳು. ಬೆಳಿಗ್ಗೆ ಅಮ್ಮನ ಕಾರಿನಲ್ಲಿ ನಗುನಗುತ್ತ ಬರುವಳು. ಮಧ್ಯಾಹ್ನ ಮಾತ್ರ ಶಾಲೆಯ ಬಸ್ಸು ಹತ್ತುವುದೇ ಇಲ್ಲ. ಅಮ್ಮನಿಗೆ ವಿಮಾನ ನಿಲ್ದಾಣದಲ್ಲಿ ಕ್ಲೀನಿಂಗ್ ಕೆಲಸ. ದಿನವೂ ಅರ್ಧಕ್ಕೆ ಬಿಟ್ಟು ಓಡಿಬರಬೇಕು. ಇನ್ನೊಂದು ತಿಂಗಳು ನೋಡುತ್ತೇನೆ, ಆಮೇಲೆ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಎಂದು ಮ್ಯಾನೇಜರ್ ಹೇಳಿಯಾಗಿತ್ತು.

ಇದೇನು ಮಹಾ ಎಂದುಕೊಂಡೆ. ಎಂಥೆಂಥ ಗಿರಾಕಿಗಳನ್ನು ಒಪ್ಪಿಸಿದವಳು! ಬಸ್ಸಿನ ಬಾಗಿಲಲ್ಲಿ ಒಂದು ಸ್ಟಿಕ್ಕರ್ ತೋರಿಸಿದೆ. ಕದಲಲಿಲ್ಲ. ಎರಡು ಮಾಡಿದೆ. ಚಿಪ್ಸ್ ಸೇರಿಸಿದೆ. ವಾರದ ಕೊನೆಗೆ ನನ್ನ ಫೋನನ್ನೇ ಮುಂದೆ ಹಿಡಿದಿದ್ದೆ. ಆಕೆ ಕಂಬವನ್ನಪ್ಪಿಕೊಂಡು, ಇನ್ನೇನಿದೆ ತೆಗಿ ಎಂಬಂತೆ ನನ್ನ ಕೈಚೀಲವನ್ನೇ ನೋಡುತ್ತಿದ್ದಳು.

“ಭೇಷ್! ಇವತ್ತು ಫೋನು, ನಾಳೆ ಕಾರಿನ ಕೀ ಕೊಡ್ತೀಯಾ?” ಹಿಂದಿನಿಂದ ಆಂಟಿ. “ಅವಳು ನಿನಗಿಂತ ಒಳ್ಳೆ ವ್ಯಾಪಾರಿ ಕಣೇ. ನಿಂತಷ್ಟೂ ರೇಟ್ ಏರುತ್ತೆ ಅಂತ ಕಂಡ್ಕೊಂಡಿದ್ದಾಳೆ.”

“ಮತ್ತೇನ್ ಮಾಡ್ಲಿ ಆಂಟಿ? ಅವರಮ್ಮನ ಕೆಲಸ ಹೋಗುತ್ತೆ.”

“ಕ್ಲಾಸಲ್ಲೇ ವ್ಯಾಪಾರ ಮುಗಿಸ್ಕೊಂಡು ಬಾ. ಇಲ್ಲಿ ಕಾರ್ಡ್ ತೋರ್ಸು, ಬಾಯಿ ಮುಚ್ಚಿ ಕಾಯಿ.”

ಅಂದಿನಿಂದ ತರಗತಿಯಲ್ಲೇ ಎರಡು ಕಾರ್ಡು ಜೋಡಿಸಿದೆವು: ಮೊದಲು ಬಸ್ಸು, ಆಮೇಲೆ ಸೀಟಿನಲ್ಲಿ ಅವಳಿಗಿಷ್ಟವಾದದ್ದು. ಅವಳು ಆರಿಸಿದ್ದೇನು ಗೊತ್ತೆ? ನಾನು ಮನೆಯಿಂದ ಒಯ್ದಿದ್ದ ಕಂಚಿ ಸೀರೆಯ ಅಂಚಿನ ತುಂಡು. ಜರಿಯ ಮೇಲೆ ಬೆರಳಾಡಿಸುತ್ತ ಕೂರುವುದೆಂದರೆ ಅವಳಿಗೆ ಪ್ರಾಣ. ತಡವಾದರೆ ಉಳಿದ ಮಕ್ಕಳಿಗೆ ತೊಂದರೆಯೆಂದು ಆಂಟಿ ಡ್ರೈವರ್ ಜೊತೆ ಮೊದಲೇ ಮಾತಾಡಿ, ನಮ್ಮನ್ನು ಎಲ್ಲರಿಗಿಂತ ಮುಂಚೆ ಬಾಗಿಲಿಗೆ ಕಳಿಸುವ ಏರ್ಪಾಡು ಮಾಡಿದರು.

ಆದರೆ ಆ ಕಾಯುವುದು! ಅಂಗಡಿಯಲ್ಲಿ ಗಿರಾಕಿ ಸುಮ್ಮನಾದರೆ ಇನ್ನೊಂದು ಸೀರೆ ಬಿಚ್ಚಿ ಹರಡಬೇಕು, ಅದು ನನ್ನ ಶಾಸ್ತ್ರ. ಆಂಟಿಯ ಮೌನವೇ ಬೇರೆ. ಅದರಲ್ಲಿ ಸಿಟ್ಟಿಲ್ಲ, ದಣಿವಿಲ್ಲ, ವಾಚು ನೋಡುವುದಿಲ್ಲ. ಇಡೀ ಮಧ್ಯಾಹ್ನ ಲೂಸಿಯಾಳದೇ ಎಂಬಂತೆ ನಿಲ್ಲುತ್ತಿದ್ದರು. ಅಷ್ಟು ಗೌರವದಿಂದ ನನಗಾಗಿ ಯಾರೂ ಕಾದದ್ದು ನೆನಪಿಲ್ಲ. ಕೆಲವು ದಿನ ಲೂಸಿಯಾ ಮೆಟ್ಟಿಲವರೆಗೆ ಬಂದಳು. ಕೆಲವು ದಿನ ಅದೂ ಇಲ್ಲ, ಅಮ್ಮನಿಗೆ ಫೋನು.

“ನಾವು ಒಂದೊಂದೇ ಹೆಜ್ಜೆ ಹಿಂದೆ ಸರೀಬೇಕಮ್ಮಾ,” ಎನ್ನುತ್ತಿದ್ದರು ಆಂಟಿ. “ನಾವಿಲ್ದೆ ನಡೀತು ಅಂದ್ರೆ ನಾವು ಕೆಲಸ ಕಲಿತ್ವಿ ಅಂತ.” ಲೂಸಿಯಾಳ ಬಗ್ಗೆ ಹೇಳುತ್ತಿದ್ದಾರೆಂದುಕೊಂಡೆ. ಮೊದಲು ನನ್ನ ಭುಜಕ್ಕೆ ತಾಗಿ ನಿಲ್ಲುತ್ತಿದ್ದ ಆಂಟಿ ಆಮೇಲೆ ಕಂಬದ ಬಳಿ, ಆಮೇಲೆ ಶಾಲೆಯ ಗಾಜಿನ ಬಾಗಿಲಿನ ಒಳಗೆ ನಿಂತಿದ್ದನ್ನು ನಾನು ಗಮನಿಸಿದ್ದು ಬಹಳ ತಡವಾಗಿ.

ಪರೀಕ್ಷಕರು ಮೊದಲ ಸಲ ಬಂದ ದಿನ ಲೂಸಿಯಾ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತುಬಿಟ್ಟಳು. ಮ್ಯಾನೇಜರ್ ಕೊಟ್ಟ ತಿಂಗಳೂ ಮುಗಿಯುತ್ತ ಬಂದಿತ್ತು. ನನ್ನ ನಾಲಿಗೆಯ ತುದಿಗೆ ಹತ್ತು ಆಫರ್ ಬಂದು ನಿಂತವು. ಹಲ್ಲು ಕಚ್ಚಿ ಕಾರ್ಡು ಹಿಡಿದೆ. ಬೇರೆ ಮಕ್ಕಳು ಬಂದರು, ಹತ್ತಿದರು. ಆಮೇಲೆ ಆಕೆ ಎದ್ದಳು, ನನ್ನ ಕೈಯಿಂದ ಕಾರ್ಡುಗಳನ್ನು ಕಿತ್ತುಕೊಂಡಳು, ಮೆಟ್ಟಿಲು ಹತ್ತಿ ಕಿಟಕಿಯ ಬಳಿ ಕುಳಿತಳು. ನನ್ನತ್ತ ತಿರುಗಿಯೂ ನೋಡಲಿಲ್ಲ. ಅಂದು ಅವಳಮ್ಮ ಪಾಳಿ ಪೂರ್ತಿ ಮುಗಿಸಿದಳು. ಮನೆಯ ಬಳಿ ಬಸ್ಸಿಗೆ ಅಜ್ಜಿ ಬಂದಿದ್ದರು. ಮರುದಿನವೂ ಲೂಸಿಯಾ ಬಸ್ಸು ಹತ್ತಿದಳು, ಅದರ ಮರುದಿನವೂ; ಅಮ್ಮನ ಕೆಲಸ ಉಳಿಯಿತು.

“ಏನು ಹೇಳ್ದೆ ಅವಳಿಗೆ?” ಎಂದು ಆಂಟಿ ಕೇಳಿದರು.

“ಏನೂ ಇಲ್ಲ ಆಂಟಿ.”

“ಹಾಂ. ಅದೇ ಕಷ್ಟ.”

ಆಂಟಿ ಈಗ ಮಗಳ ಜೊತೆ ಶಾರ್ಲೆಟ್‌ನಲ್ಲಿದ್ದಾರೆ. ಅವರ ಜಾಗದಲ್ಲಿ ಕಲಿಸುವವಳು ನಾನು. ಈ ವರ್ಷ ಬಂದಿರುವ ಅಪ್ರೆಂಟಿಸ್ ಹುಬ್ಬಳ್ಳಿಯವರು, ಇಲ್ಲಿ ಕಾರು ಮಾರುತ್ತಿದ್ದವರು. ಇಂದು ಮಧ್ಯಾಹ್ನ ಪುಟ್ಟ ಹುಡುಗಿಯೊಬ್ಬಳು ಬಸ್ಸಿನ ಬಾಗಿಲಲ್ಲಿ ಬೇರೂರಿ ನಿಂತಾಗ ಅವರ ಕೈ ಜೇಬಿಗೆ ಹೋಯಿತು.

“ಒಂದ್ ಚಾಕಲೇಟ್ ಕೊಟ್ಟ ನೋಡೂಣೇನ್ರಿ ಮೇಡಂ? ಪಟ್ನ ಹತ್ತತಾಳ್ರಿ.”

ಹೇಳಲು ನನ್ನ ಬಳಿ ಬೇಕಾದಷ್ಟು ಬುದ್ಧಿಮಾತಿತ್ತು. ಹೇಳಲಿಲ್ಲ. ಅವರು ನನ್ನನ್ನು ನೋಡಿದರು, ಹುಡುಗಿಯನ್ನು ನೋಡಿದರು. ಸ್ವಲ್ಪ ಹೊತ್ತಿಗೆ ಅವರ ಕೈ ಜೇಬಿನಿಂದ ಬರಿದಾಗಿ ಹೊರಬಂತು.

ನಾನು ಒಂದು ಹೆಜ್ಜೆ ಹಿಂದೆ ಸರಿದೆ.