ಚನ್ನಪಟ್ಟಣದ ಗೋಲ್‌ಕೀಪರ್

ಚನ್ನಪಟ್ಟಣದ ಗೊಂಬೆ ಕಾರ್ಖಾನೆಗೆ ಗೊಂಬೆ ಕೊಳ್ಳಲು ಹೋದಾಗ, ಅಲ್ಲಿ ನನಗಿಂತ ಮುಂಚೆ ಬಂದು ಕುಳಿತಿದ್ದವರು ಊರಿನ ಹಳೆಯ ಫುಟ್‌ಬಾಲ್ ಆಟಗಾರ. ಈಗ ಮಾಲ್ಡೀವ್ಸಿನಲ್ಲಿ ಮಕ್ಕಳ ತಂಡಕ್ಕೆ ಕೋಚ್. ಅಲ್ಲಿಯ ಭಾಷೆ ಬಾರದು. ಯಾರು ಎಲ್ಲಿ ನಿಲ್ಲಬೇಕೆಂದು ತೋರಿಸಲು ಹನ್ನೊಂದು ಮರದ ಗೊಂಬೆ ಮಾಡಿಸುತ್ತಿದ್ದರು.

“ಈ ಸಲಾನೂ ಸೋತ್ರೆ ಕೆಲಸದಿಂದ ತೆಗೆದ್ಬುಡ್ತಾರೆ ಕಣ್ಲಾ,” ಎಂದರು, ಗೊಂಬೆ ಕಡೆಯುತ್ತಿದ್ದವರಿಗೆ.

ಕಡೆಯುತ್ತಿದ್ದವರು ಅವರದೇ ಹಳೆಯ ತಂಡದ ಗೋಲ್‌ಕೀಪರ್. “ನೀನು ಯಾವತ್ಲಾ ಯಾರಿಗಾದ್ರೂ ಪಾಸ್ ಕೊಟ್ಟಿದ್ದೆ, ಈಗ ಹೇಳ್ಕೊಡಾಕೆ?” ಎನ್ನುತ್ತಲೇ ಯಂತ್ರದಲ್ಲಿ ತಿರುಗುವ ಮರಕ್ಕೆ ಹಳದಿ ಬಣ್ಣದ ಅರಗು ಒತ್ತಿ, ತಾಳೆಗರಿಯಿಂದ ಉಜ್ಜಿದರು. ಬರೀ ಗರಿಯಿಂದ ಅಷ್ಟು ಹೊಳಪು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಹತ್ತು ಗೊಂಬೆಗಳು ಒಂದೇ ಅಳತೆ. ಕೊನೆಯದು ಮಾತ್ರ ಗಿಡ್ಡ, ಹೊಟ್ಟೆ ಮುಂದೆ.

“ಇದ್ಯಾಕ್ಲಾ ಹಿಂಗೈತೆ?”

“ಗೋಲ್‌ಕೀಪರ್ ಕಣ್ಲಾ, ನನ್ನಂಗೇ ಐತೆ. ನಿನ್ನ ಸೋಲಾಕೆ ಬುಡಾಕಿಲ್ಲ.”

ಕೋಚ್ ಹತ್ತನ್ನು ಚೀಲಕ್ಕೆ ಹಾಕಿ, ಆ ಒಂದನ್ನು ಅಂಗಿಯ ಜೇಬಿಗಿಟ್ಟುಕೊಂಡರು.