ಮುಚ್ಚಿದ ಸೀಲಿಂಗನ್ನು ನಂಬದ ಗುರುಬಸವ ತೇರದಾಳರು

ಭೂಮಿ ನಡುಗಿದಾಗ ಕಟ್ಟಡ ನಿಂತೀತು. ಆದರೆ ಅದರ ಸ್ಲ್ಯಾಬಿಗೆ ತೂಗುಬಿಟ್ಟ ಪೈಪು, ಡಕ್ಟು, ಕೇಬಲ್ ಟ್ರೇಗಳು ಹೊಯ್ದಾಡಿ, ಕಳಚಿ, ಕೆಳಗಿದ್ದವರ ಮೇಲೆ ಬೀಳದಂತೆ ಓರೆಯಾಗಿ ಬಿಗಿಯುವ ಉಕ್ಕಿನ ಬ್ರೇಸುಗಳನ್ನು ಯಾರೂ ನೋಡುವುದಿಲ್ಲ. ಫಾಲ್ಸ್ ಸೀಲಿಂಗ್ ಅವನ್ನು ಮುಚ್ಚಿಬಿಡುತ್ತದೆ. ಮುಚ್ಚಿದ ಕಡೆ ಮೋಸಕ್ಕೆ ಜಾಗ. ಮುಂಬಯಿಯಲ್ಲಿ ಆ ಜಾಗವನ್ನು ಏಣಿ ಹತ್ತಿ ಕಾದವರು, ಪೈಪ್ ಫಿಟ್ಟರಾಗಿ ಬಂದು ತಪಾಸಣೆಯ ಮೇಲ್ವಿಚಾರಕರಾಗಿ ಈಗ ನಿವೃತ್ತರಾಗಿರುವ ಮಾನ್ಯ ಶ್ರೀ ಗುರುಬಸವ ತೇರದಾಳರು.

ಇಂಥ ಅಭಿನಂದನ ಗ್ರಂಥಗಳ ಬಗ್ಗೆ ನನಗೆ ಗುಮಾನಿಯಿದೆ. ಬಾಯಿ ಮುಚ್ಚಿಸಲು ಶಾಲು ಹೊದಿಸಿದ್ದನ್ನು ಕಂಡಿದ್ದೇನೆ. ಆದರೂ ಬರೆಯುತ್ತೇನೆ, ಏಕೆಂದರೆ ಹಿಂದೆ ಅವರ ಮೇಲೆಯೇ ಗುಮಾನಿ ಪಟ್ಟವನು ನಾನು.

ಜೋಗೇಶ್ವರಿಯ ಚಾಳಿನಲ್ಲಿ ಭಾನುವಾರ ನಡೆಯುವ ನಮ್ಮ ಓದುಕೂಟಕ್ಕೆ ಅವರು ಬರುತ್ತಿದ್ದರು. ಸದಸ್ಯರೆಲ್ಲ ಕಟ್ಟಡ ಕೂಲಿಗಳು. ಅವರೊಬ್ಬರೇ ಕಂಪನಿಯ ಮೇಲ್ವಿಚಾರಕರು ಹಾಕುವ ಬಿಳಿ ಹೆಲ್ಮೆಟ್ಟಿನವರು. ವಿಜಯಪುರದ ಕಡೆಯ ಕಾಶಿನಾಥನೆಂಬ ಕೆಲಸಗಾರನಿಗೆ ಡ್ರಾಯಿಂಗ್ ಓದಲು ಕಲಿಸಿದರು. ಅದರಲ್ಲೂ ನನಗೆ ಹುನ್ನಾರವೇ ಕಂಡಿತು.

ಕಳೆದ ವರ್ಷ ಗೋರೆಗಾಂವಿನ ಹೊಸ ಆಸ್ಪತ್ರೆಯೊಂದರ ಐದನೆಯ ಮಹಡಿಯಲ್ಲಿ, ಸೀಲಿಂಗ್ ಮುಚ್ಚುವ ಮೊದಲು, ತೇರದಾಳರು ತಮ್ಮ ಪದ್ಧತಿಯಂತೆ ಒಂದೊಂದೇ ಬ್ರೇಸಿಗೆ ಜೋತುಬಿದ್ದು ನೋಡುತ್ತಿದ್ದರು. ಬ್ರೇಸನ್ನು ಸ್ಲ್ಯಾಬಿಗೆ ಹಿಡಿದಿಡುವ ಒಂದು ಬೋಲ್ಟು ಕೈಗೇ ಬಂತು. ಬೆರಳುದ್ದ ಒಳಗಿರಬೇಕಾದದ್ದನ್ನು ಉಗುರಿನಷ್ಟಕ್ಕೆ ಕತ್ತರಿಸಿ, ತಲೆಯನ್ನು ಅಂಟಿನಿಂದ ಕೂರಿಸಲಾಗಿತ್ತು. ಅದನ್ನು ಹಾಕಿದ ಕಾಶಿನಾಥ ಏಣಿಯ ಕೆಳಗೇ ಇದ್ದ.

"ಕಾಶ್ಯಾ, ಗೋಂದ ಹಚ್ಚೀಯಲ್ಲೋ! ಲಗ್ನಪತ್ರಿಕಿ ಲಕೋಟಿ ಮಾಡಿಯೇನ್ ಇದನ್ನ?"

"ಒಳಗ ಸ್ಲ್ಯಾಬಿನ ಕಬ್ಬಿಣದ ಸಳಿ ಬಡೀತ್ರಿ ಕಾಕಾ. ಡ್ರಿಲ್ ಮುಂದ ಹೋಗ್ಲಿಲ್ಲ."

"ಬಾಜೂಕ ಹೊಸಾ ತೂತ ಹೊಡೀಬೇಕಿತ್ತು."

"ದಿನದ ನಲವತ್ತು ಯಾವಾಗ ಮುಗಿಸ್ಲಿ? ಸಾಹೇಬ್ರು ತೂತ ಎಣಸ್ತಾರ್ರಿ, ಆಳ ಯಾರೂ ಅಳಿಯಂಗಿಲ್ಲ."

"ಕೆಳಗ ಯಾರ ಮಲಗ್ತಾರ, ಗೊತ್ತೈತಿಲ್ಲ?"

ಕಾಶಿನಾಥ ತಲೆ ತಗ್ಗಿಸಿದ. "ಬಾಣಂತ್ಯಾರ್ರಿ."

ಮರುದಿನವೇ ತೇರದಾಳರು ವರದಿ ಬರೆದರು, ಕೆಲಸ ನಿಂತಿತು. ಕಾಶಿನಾಥನ ಅನ್ನಕ್ಕೆ ಕಲ್ಲು ಬಿತ್ತೆಂದು ನಾನು ಕೂಟದಲ್ಲಿ ಎದ್ದು ನಿಂತು ಅವರನ್ನು ಕಂಪನಿಯ ಗೂಢಚಾರ ಎಂದೆ. ಅವರು ಸಿಟ್ಟಾಗಲಿಲ್ಲ. "ಓದೂ ಮಂದಿ ನೀವು. ಓದದs ಶಿಕ್ಕಾ ಹೊಡೀತೀರಲ್ರಿಪಾ," ಎಂದು ಚಪ್ಪಲಿ ಮೆಟ್ಟಿ ಹೊರಟರು.

ವರದಿಯ ಪ್ರತಿ ಕಾಶಿನಾಥನ ಕಿಸೆಯಲ್ಲಿತ್ತು, ಅವರೇ ಕೊಟ್ಟಿದ್ದರು. ಮುಂದಿನ ವಾರ ಕೂಟದಲ್ಲಿ ಅವನು ಅದನ್ನು ತಡವರಿಸುತ್ತ ಓದಿದ. ಅದರಲ್ಲಿ ಅವನ ಹೆಸರಿರಲಿಲ್ಲ. ದಿನಕ್ಕೆ ನಲವತ್ತು ತೂತುಗಳೆಂದು ಕಟ್ಟಳೆ ಮಾಡಿದವರೇ ಹೊಣೆಗಾರರು, ಆ ಮಹಡಿಯ ಇನ್ನೂರ ಹನ್ನೆರಡು ಬೋಲ್ಟುಗಳನ್ನೂ ಎಳೆದು ನೋಡುವವರೆಗೆ ಸೀಲಿಂಗ್ ಮುಚ್ಚಬಾರದು ಎಂದಿತ್ತು. ನನಗೆ ನಾಚಿಕೆಯಾಯಿತು. ಕಾಶಿನಾಥನ ಕೆಲಸ ಉಳಿಯಿತು.

ನೂರ ಮೂವತ್ತು ಬೋಲ್ಟುಗಳ ಪರೀಕ್ಷೆಯಾಗುವಷ್ಟರಲ್ಲಿ ಕಂಪನಿಯವರು ತೇರದಾಳರನ್ನು ಪವಾಯಿಯ ಗೋದಾಮಿಗೆ ಹಾಕಿದರು. ನಿವೃತ್ತಿಯವರೆಗೂ ಅವರು ಅಲ್ಲಿಯೇ ಇದ್ದರು. ಉಳಿದ ಎಂಬತ್ತೆರಡನ್ನು ಪರೀಕ್ಷಿಸಿದ್ದೇವೆ ಎಂಬ ಕಂಪನಿಯ ಕಾಗದ ಒಂದೇ ದಿನದಲ್ಲಿ ಸಿದ್ಧವಾಯಿತು, ಸೀಲಿಂಗ್ ಮುಚ್ಚಿತು, ವಾರ್ಡು ತುಂಬಿತು. ಆ ಕಾಗದವನ್ನು ನಾನು ನಂಬುವುದಿಲ್ಲ. ಅದೇ ಕಂಪನಿಯ ಶುಭಾಶಯವನ್ನೂ ಇದೇ ಗ್ರಂಥದಲ್ಲಿ ಓದುಗರು ಕಾಣಬಹುದು, ಅದನ್ನೂ ನಂಬುವುದಿಲ್ಲ.

ಸೀಲಿಂಗ್ ಬಿಚ್ಚಿಸಿರೆಂದು ಓದುಕೂಟದಿಂದ ಆಸ್ಪತ್ರೆಯ ಬಾಗಿಲಿಗೆ ಮೂರು ಸಲ ಹೋದೆವು. ಬರುವ ಸೋಮವಾರ ಒಂದು ಬದಿ ಬಿಚ್ಚಲು ಒಪ್ಪಿದ್ದಾರೆ. ಬೋಲ್ಟು ಎಳೆದು ನೋಡಲು ಬರುವಿರಾ ಎಂದು ತೇರದಾಳರನ್ನು ಕೇಳಿದೆ. ನಕ್ಕರು: "ಬರ್ತೀನ್ರಿ. ರಿಟೈರ್ ಆದಾವನ್ನ ಇನ್ನ ಯಾವ ಗೋದಾಮಿಗಿ ಹಾಕ್ತಾರ?"

ಅವರು ನೂರು ವರ್ಷ ಬಾಳಲಿ, ಏಣಿ ಹತ್ತುವ ಮೊಣಕಾಲು ಗಟ್ಟಿಯಿರಲಿ. ಎಂಬತ್ತೆರಡು ಬಾಕಿಯಿವೆ.